ಚರ್ಚುಗಳಿಗೆ ಮಸೂದೆಗಳ ಮಾಹಿತಿ ಮೊದಲೇ ತಲುಪಲಿ

ಮಾನ್ಯ ಸಂಪಾದಕರೇ,

ಜನರ ಬಾಯಲ್ಲಿ ಮತಾಂತರ ನಿಷೇಧ ಮಸೂದೆ ಎಂದೇ ಹೆಸರಾದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆಯು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರ್ 21ರಂದು ಮಂಡನೆಯಾಗಿ, 23ರಂದೇ ವಿಧಾನಸಭೆಯ ಒಪ್ಪಿಗೆ ಪಡೆಯಿತು. ವಿಧಾನ ಪರಿಷತ್ತು ಅದನ್ನು ಅಂಗೀಕರಿಸಿದ್ದು 2022ರ ಸೆಪ್ಟೆಂಬರ್ 15ರಂದು. ನಡುವೆ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯೂ ಹೊರಟಿತ್ತು. ಮಸೂದೆಯನ್ನು ಓದಿ, ಯಾವ ಕಲಮಿಗೆ ಏಕೆ ಆಕ್ಷೇಪವೆಂದು ಬರೆದು ಪರಿಷತ್ ಸದಸ್ಯರ ಕೈಗೆ ಕೊಡಲು ಆ ಒಂಬತ್ತು ತಿಂಗಳು ಸಾಕಾಗಿತ್ತು. ಬೆಂಗಳೂರಿನಲ್ಲಿ ಧರ್ಮಾಧ್ಯಕ್ಷರು ದನಿ ಎತ್ತಿದರು. ಆದರೆ ಅಧಿವೇಶನ ನಡೆದ ಈ ಊರಿನ ಸುತ್ತಲಿನ ಹಳ್ಳಿಗಳ ಎಷ್ಟೋ ಚರ್ಚುಗಳಲ್ಲಿ, ಮತಾಂತರಕ್ಕೆ ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬ ಮುಖ್ಯ ನಿಯಮವೂ ಕಾಯ್ದೆ ಜಾರಿಯಾದ ಮೇಲೆಯೇ ಜನರ ಕಿವಿಗೆ ಬಿತ್ತು.

2023ರ ಜೂನ್‌ನಲ್ಲಿ ಅದೇ ಕಾಯ್ದೆಯನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿದಾಗ, ಕಾಯ್ದೆ ಅಂದೇ ಹೋಯಿತೆಂದು ನಂಬಿದವರನ್ನು ನಾನು ಕಂಡಿದ್ದೇನೆ. ಸಂಪುಟದ ತೀರ್ಮಾನ ಬೇರೆ, ರದ್ದತಿ ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಗಿ ರಾಜ್ಯಪಾಲರ ಅಂಕಿತ ಪಡೆಯುವುದು ಬೇರೆ. ಈ ವ್ಯತ್ಯಾಸವನ್ನು ತಿಳಿಸಿ ಹೇಳುವವರಿಲ್ಲದಿದ್ದರೆ ಬಡ ಪಾಸ್ಟರ್ ಒಬ್ಬರು ತಿಳಿಯದೆಯೇ ಕಾನೂನಿನ ತೊಡಕಿಗೆ ಸಿಲುಕಬಹುದು.

ದೆಹಲಿಯಲ್ಲಿ ಆಗುವ ಕಾನೂನುಗಳ ವಿಷಯದಲ್ಲಿ ಮಾಹಿತಿಗೂ ನಮ್ಮ ಜನರಿಗೂ ನಡುವಿನ ಅಂತರ ಇನ್ನೂ ದೊಡ್ಡದು, ಏಕೆಂದರೆ ಸಂಸತ್ತಿನ ಮಸೂದೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ಆದ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿ, ದೇಣಿಗೆಯೆಲ್ಲವೂ ಸ್ಟೇಟ್ ಬ್ಯಾಂಕಿನ ದೆಹಲಿ ಶಾಖೆಯೊಂದರ ಖಾತೆಗೇ ಬರಬೇಕೆಂದು ವಿಧಿಸಿತು; ಹಾಸ್ಟೆಲ್, ದವಾಖಾನೆ ನಡೆಸುವ ಸಂಸ್ಥೆಗಳಿಗೆ ಇದು ಸಣ್ಣ ಬದಲಾವಣೆಯಲ್ಲ. 2023ರ ಜೂನ್ 14ರಂದು ಕಾನೂನು ಆಯೋಗವು ಏಕರೂಪ ನಾಗರಿಕ ಸಂಹಿತೆಯ ಬಗ್ಗೆ ಮಾನ್ಯತೆ ಪಡೆದ ಧಾರ್ಮಿಕ ಸಂಸ್ಥೆಗಳ ಅಭಿಪ್ರಾಯವನ್ನೂ ಕೇಳಿತ್ತು, ಗಡುವನ್ನು ಜುಲೈ 28ರವರೆಗೆ ವಿಸ್ತರಿಸಿಯೂ ಇತ್ತು. ತಿಳಿಯಬೇಕಾದುದೆಲ್ಲ ಆತಂಕದ ಸುದ್ದಿಯೇ ಎಂದಲ್ಲ. ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಬಹುದೆಂಬ ಅಮಾನವೀಯ ಮಾತನ್ನು ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಿಂದಲೂ ಸಂಸತ್ತು 2019ರಲ್ಲಿ ತೆಗೆದುಹಾಕಿತು. ಕುಷ್ಠರೋಗಿಗಳ ಸೇವೆಯನ್ನೇ ವ್ರತವಾಗಿಸಿಕೊಂಡ ಸಮುದಾಯ ಸಂತೋಷದಿಂದ ಸಾರಬೇಕಾಗಿದ್ದ ಸುದ್ದಿಯಿದು.

ಸ್ಕಾಟ್ಲೆಂಡಿನಲ್ಲಿ 1999ರಲ್ಲಿ ಸಂಸತ್ತು ಮತ್ತೆ ಸ್ಥಾಪನೆಯಾದಾಗ ಅಲ್ಲಿನ ಚರ್ಚುಗಳು ಕೂಡಿ ಎಡಿನ್‌ಬರೋದಲ್ಲಿ ಸಂಸದೀಯ ಕಚೇರಿಯೊಂದನ್ನು ತೆರೆದವು. ನಮ್ಮಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕ್ಯಾಥೊಲಿಕ್, ಮೆಥೊಡಿಸ್ಟ್, ಸಿ.ಎನ್.ಐ. (ಉತ್ತರ ಭಾರತ ಸಭೆ) ಮತ್ತು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚುಗಳು ಒಬ್ಬ ವಕೀಲರನ್ನೂ ಓದಿ ಬರೆಯಬಲ್ಲ ಒಬ್ಬಿಬ್ಬರು ನಿವೃತ್ತ ಶಿಕ್ಷಕರನ್ನೂ ಒಳಗೊಂಡ ಸಮಿತಿಯನ್ನು ರಚಿಸಿದರೆ ಸಾಕು. ಅಧಿವೇಶನ ನಡೆಯುವಾಗ ಈ ಸಮಿತಿಯು ಯಾವ ಮಸೂದೆ ಯಾವ ಹಂತದಲ್ಲಿದೆ, ಅದರ ಯಾವ ಕಲಂ ನಮ್ಮ ಜನರ ಬದುಕನ್ನು ಮುಟ್ಟುತ್ತದೆ, ಅಭಿಪ್ರಾಯವನ್ನು ಯಾರಿಗೆ ಯಾವ ದಿನದೊಳಗೆ ಕಳುಹಿಸಬೇಕು ಎಂಬುದನ್ನು ಕನ್ನಡ ಮತ್ತು ಮರಾಠಿಯಲ್ಲಿ ಒಂದೇ ಪುಟದಲ್ಲಿ ಬರೆದುಕೊಡಲಿ. ಅದನ್ನು ಭಾನುವಾರದ ಆರಾಧನೆಯ ಪ್ರಕಟಣೆಗಳೊಂದಿಗೆ ಓದಲಿ, ಗುಳೇದಗುಡ್ಡದಂಥ ಊರುಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲಿ. ಕರಡು ಕಾನೂನುಗಳನ್ನು ಮೂವತ್ತು ದಿನವಾದರೂ ಸಾರ್ವಜನಿಕರ ಮುಂದಿಡಬೇಕೆಂಬ 2014ರ ಕೇಂದ್ರ ನೀತಿಯೂ, ಜನರಿಂದ ಲಿಖಿತ ಅಭಿಪ್ರಾಯ ಆಹ್ವಾನಿಸುವ ಸಂಸದೀಯ ಸಮಿತಿಗಳೂ ಇರುವಾಗ, ನಮ್ಮ ಮಾತು ಹೇಳಲು ದಾರಿಯಿಲ್ಲವೆನ್ನುವಂತಿಲ್ಲ.

ಆ ಪುಟದಲ್ಲಿ ಯಾವ ಪಕ್ಷದ ಪರವಾಗಲಿ ವಿರೋಧವಾಗಲಿ ಒಂದು ಅಕ್ಷರವೂ ಇರಕೂಡದು. ಕ್ರೈಸ್ತರ ವಿಷಯಗಳಿಗಷ್ಟೇ ಅದು ಸೀಮಿತವೂ ಆಗಬಾರದು. ಕೂಲಿ, ಜಮೀನು, ಶಾಲೆಗಳ ಕುರಿತ ಕಾನೂನುಗಳೂ ಚರ್ಚಿಗೆ ಬರುವ ಬಡವರ ಕಾನೂನುಗಳೇ. ಬರುವ ಬೆಳಗಾವಿ ಅಧಿವೇಶನಕ್ಕೆ ಮುಂಚೆಯೇ ಮೂರೂ ಜಿಲ್ಲೆಗಳ ಧರ್ಮಗುರುಗಳು ಮತ್ತು ಸಭಾಪಾಲಕರು ಒಂದೆಡೆ ಕುಳಿತು ಈ ಸಮಿತಿಯನ್ನು ನೇಮಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಚರ್ಚ್ ಸದಸ್ಯರೊಬ್ಬರು
ಕ್ಯಾಂಪ್, ಬೆಳಗಾವಿ