ಅಗ್ರಹಾರದ ಸೆಲೂನ್ ಯಜಮಾನರ ನೆನಪಿಗೆ
ಎಲ್ಲರಿಗೂ ನಮಸ್ಕಾರ. ಮಂಗಳವಾರ, ಅವರ ಅಂಗಡಿ ರಜೆಯ ದಿನವೇ, ಸಂಜೆ 6ಕ್ಕೆ ಅಂಗಡಿ ಮುಂದೆ ಸೇರೋಣ. ಅವರ ಕ್ಷೌರದ ಕತ್ತಿ, ಕೂದಲು ಕತ್ತರಿಸುವ ಕೈಮಷಿನ್ನು, ಕತ್ತಿ ಹದ ಮಾಡುವ ಚರ್ಮದ ಪಟ್ಟಿ ಮೇಜಿನ ಮೇಲಿರುತ್ತವೆ.

ಒರೆಸಲು ಬರುವವರು ಕತ್ತಿಯನ್ನು ನೀರಲ್ಲಿ ನೆನೆಸಬೇಡಿ. ಹಿಡಿಯ ಮೊಳೆಯ ಸಂದಿಯಲ್ಲಿ ನೀರು ನಿಂತು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಒಣಬಟ್ಟೆಯಲ್ಲಿ ಬೆನ್ನಿನಿಂದ (ದಪ್ಪ ಬದಿ) ಬಾಯಿಯ (ಹರಿತ ಬದಿ) ಕಡೆಗೆ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ.

ಕತ್ತಿಯನ್ನು ಪಟ್ಟಿಗೆ ಉಜ್ಜುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಿಸಬೇಕು. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯ ಚರ್ಮ ಕುಯ್ದುಹೋಗುತ್ತದೆ, ಕತ್ತಿಯ ಅಂಚೂ ಮಡಚುತ್ತದೆ. ಕೆಲಸಕ್ಕೆ ಸೇರಿದ ಪ್ರತಿ ಹುಡುಗನಿಗೂ ಅವರು ಕೈಹಿಡಿದು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಅಷ್ಟು ತಾಳ್ಮೆಯ ಗುರು ಸಿಗುವುದು ಕಷ್ಟ.

ಪಟಿಕದ ಗಡ್ಡೆ ತೊಳೆಯಬೇಡಿ, ಕರಗುತ್ತದೆ. ಹಾರ ತರುವವರು ಇಲ್ಲೇ ತಿಳಿಸಿ.