ರಕ್ತ ಕೊಟ್ಟವರ ಮನೆಗೆ ಮತ್ತೆ ಹೋಗು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸಾಗರದಲ್ಲಿ ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆಗೆ ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಬಿಸಿಲು ಕಾಯುತ್ತಿದ್ದೇವೆ.

ವಿಶ್ವವಿದ್ಯಾಲಯದ ಮಾಲಿಕ್ಯುಲರ್ ಜೆನೆಟಿಕ್ಸ್ ಕೇಂದ್ರದಲ್ಲಿ ನಿನಗೆ ಪಿಎಚ್‌.ಡಿ. ಸೀಟು ಸಿಕ್ಕಿದ್ದು ಕೇಳಿ ತುಂಬ ಸಂತೋಷವಾಯಿತು. ವಂಶದಲ್ಲಿ ಇಳಿದು ಬರುವ ಮೂಳೆ ಕಾಯಿಲೆಗಳ ಮೇಲೆ ಕೆಲಸವಂತೆ, ರಕ್ತದ ಸ್ಯಾಂಪಲ್‌ಗೆ ನಮ್ಮ ಕಡೆಯ ಹಳ್ಳಿಗಳಿಗೂ ಬರುತ್ತೀಯಂತೆ. ಅದಕ್ಕೇ ಈ ಪತ್ರ.

ಹಂದಿಗೋಡು ನಮ್ಮ ತಾಲ್ಲೂಕಿನದೇ. 1970ರ ದಶಕದಲ್ಲಿ ಅಲ್ಲಿನ ಬಡ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾಗದವರು ಕಂಡುಬಂದರು. ಕೆಲವರು ಕುಳ್ಳಗೇ ಉಳಿದರು. ಕೆಲವರು ತೆವಳಿಕೊಂಡೇ ಓಡಾಡುವ ಹಾಗಾಯಿತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಮೊದಲು ಅನುಮಾನಪಟ್ಟರು. ಆಮೇಲೆ ಮನೆಮನೆಯ ವಂಶಾವಳಿ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ತಿಳಿಯಿತು. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಸಾಕು, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಕೂತು ಈ ಮಾತು ಹೇಳುವುದು ಎಷ್ಟು ಕಷ್ಟ ಯೋಚಿಸು. ಒಬ್ಬರ ರಕ್ತ ನೋಡಿದರೆ ಅವರ ಅಣ್ಣತಮ್ಮಂದಿರ, ಮಕ್ಕಳ ವಿಷಯವೂ ಹೊರಗೆ ಬರುತ್ತದೆ, ಅಲ್ವಾ? ಸೂಜಿ ಚುಚ್ಚುವ ಮೊದಲೇ ಇದನ್ನು ಬಿಡಿಸಿ ಹೇಳು. ಒಲ್ಲೆ ಅಂದವರನ್ನು ಒತ್ತಾಯಿಸಬೇಡ. ರಕ್ತ ಕೊಡುತ್ತೇನೆ, ಆದರೆ ಫಲಿತಾಂಶ ಹೇಳಬೇಡಿ ಅನ್ನುವವರೂ ಇರುತ್ತಾರೆ. ಅವರ ಮಾತನ್ನೂ ನಡೆಸಿಕೊಡು.

ಹಂದಿಗೋಡಿನ ಹೆಸರೇ ಆ ಕಾಯಿಲೆಗೆ ಅಂಟಿಕೊಂಡಿತು. 1957ರಲ್ಲಿ ಸೊರಬ ಕಡೆಯ ಕ್ಯಾಸನೂರು ಕಾಡಿಗೂ ಮಂಗನ ಕಾಯಿಲೆಯಿಂದ ಇದೇ ಗತಿಯಾಯಿತು. ಅದನ್ನು ಈಗ ಅಳಿಸಲಾಗದು. ಆದರೆ ಯಾವ ಮನೆಯ ಗುರುತೂ ನಿನ್ನ ಬರಹದಿಂದ ಹೊರಗೆ ಹೋಗಬಾರದು. ಸಣ್ಣ ಊರಿನಲ್ಲಿ ಸುಮ್ನೆ ಹೆಸರು ಬಿಟ್ಟರೆ ಸಾಲದು. ಐದು ಮಕ್ಕಳು, ಮೂವರಿಗೆ ಕಾಯಿಲೆ ಅಂತ ಬರೆದರೆ ಯಾರ ಮನೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೂತವರೂ ಹೇಳುತ್ತಾರೆ.

ಲ್ಯಾಬಿನ ಕೆಲಸ ನಿನಗೆ ಚೆನ್ನಾಗಿ ಗೊತ್ತು. ಒಂದೇ ಮಾತು ಹೇಳುತ್ತೇನೆ. ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ಎರಡರಷ್ಟಾಗುತ್ತದೆ, 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಗ್ಲೌಸಿಗೆ ಅಂಟಿದ ಬೇರೆಯವರ ಡಿಎನ್‌ಎ ಚೂರೂ ಹಾಗೆಯೇ ಬೆಳೆಯುತ್ತದೆ. ಆದ್ದರಿಂದ ರಕ್ತದ ಡಿಎನ್‌ಎ ಬದಲು ಬರೀ ನೀರು ಹಾಕಿದ ಟ್ಯೂಬ್ ಒಂದನ್ನು ಪ್ರತಿ ಸಲವೂ ಇಡು. ಡಿಎನ್‌ಎ ಗೆರೆಗಳಾಗಿ ಕಾಣುವ ಜೆಲ್‌ನಲ್ಲಿ ಆ ನೀರಿನ ಸಾಲಿನಲ್ಲೂ ಗೆರೆ ಕಂಡರೆ ಅವತ್ತಿನ ಫಲಿತಾಂಶವನ್ನು ಪೂರ್ತಿ ಬಿಟ್ಟುಬಿಡು. ಗೈಡ್ ಅವಸರ ಮಾಡಿದರೂ ಸರಿ. ತಪ್ಪು ಗೆರೆಯನ್ನು ನಂಬಿ ಒಂದು ಮನೆಯ ಸಂಬಂಧ ಮುರಿದುಹೋದರೆ ಯಾರು ಜೋಡಿಸುತ್ತಾರೆ?

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ಇರುವುದು ಆಮೇಲಿನದರ ಬಗ್ಗೆ. ಪ್ರಬಂಧ ಅಚ್ಚಾಯಿತು, ಡಿಗ್ರಿ ಬಂತು ಅಂತ ಆ ದಾರಿ ಮರೆಯಬೇಡ. ತಿಳಿಯಬೇಕು ಅಂದವರಿಗೆ ಮನೆಗೇ ಹೋಗಿ ಹೇಳು, ಒಬ್ಬೊಬ್ಬರಿಗೇ ಹೇಳು. ಗುಣಮಾಡುವ ಔಷಧಿ ಇಲ್ಲ ಅಂತ ಹೇಳಬೇಕಾಗಿ ಬಂದರೂ ಹೋಗು. ಇದು ಅಂಟುರೋಗ ಅಲ್ಲ, ಯಾರ ಶಾಪವೂ ಅಲ್ಲ ಅನ್ನುವುದನ್ನು ಓದಿದವರ ಬಾಯಿಂದ ಕೇಳುವುದೇ ಅವರಿಗೆ ದೊಡ್ಡದು. ನೋವು ಕಡಿಮೆ ಮಾಡಲು ಏನು ಮಾಡಬಹುದು, ಅಂಗವಿಕಲರ ಪಿಂಚಣಿಗೆ ಎಲ್ಲಿ ಅರ್ಜಿ ಹಾಕಬೇಕು ಅಂತ ತಿಳಿದುಕೊಂಡೇ ಹೋಗು. ಅವರು ಕೇಳುವುದು ಅದನ್ನೇ.

ಒಪ್ಪಿಗೆ ಪತ್ರವನ್ನು ನೀನೇ ಕನ್ನಡದಲ್ಲಿ ಬರೆದು ನನಗೆ ಕಳಿಸು. ನಿನ್ನ ದೊಡ್ಡಮ್ಮನಿಗೂ ತೋಟದ ಕೆಲಸಕ್ಕೆ ಬರುವವರಿಗೂ ಓದಿ ಹೇಳುತ್ತೇನೆ. ಅವರಿಗೆ ಅರ್ಥವಾಗದ ಕಡೆಯೆಲ್ಲ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ