ಗುಂಡನಿಗೊಂದು ಪತ್ರ: ವಿಮಾನ ಕಟ್ಟಿಹಾಕಿದ ಕಥೆ

ಲೋ ಗುಂಡ,

"ವಿಮಾನ ಏನಾಯ್ತೋ?" ಅಂತ ವಾಟ್ಸಾಪಿನಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ ನಾನು ಹೆಬ್ಬೆಟ್ಟು ತೋರಿಸಿ ಸುಮ್ಮನಾದೆ. ಈಗ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಓದೋ ಜಾಗದಲ್ಲಿ ಯಾಕೋ ಅಂತ ಬೈಬೇಡ. ನಿನಗೊಬ್ಬನಿಗೇ ಕಳಿಸಿದರೆ ಅರ್ಧ ಓದುವಷ್ಟರಲ್ಲಿ ಫೋನ್ ಮಾಡುತ್ತೀಯ, ಮಾತು ತುರುವೇಕೆರೆ ಬಸ್ಸಿನ ಚಿಲ್ಲರೆ ಲೆಕ್ಕಕ್ಕೆ ಹೋಗುತ್ತದೆ, ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ.

ಉಳಿದವರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನೇನು ಸಾಹುಕಾರನಲ್ಲ. ಅಮೆರಿಕದ ಡಲ್ಲಾಸಿನ ಉತ್ತರಕ್ಕೆ ಒಂದು ಸಣ್ಣ ಏರ್‌ಫೀಲ್ಡಿನಲ್ಲಿ ಮೂವರು ಸೇರಿ ಇಟ್ಟುಕೊಂಡಿರುವ 1975ರ ಸೆಸ್ನಾ 172 ಅನ್ನುವ ಪುಟ್ಟ ವಿಮಾನ ಅದು. ನಾಲ್ಕು ಸೀಟು, ಮುಂದೊಂದು ಫ್ಯಾನು. ನಮ್ಮಿಬ್ಬರಿಗಿಂತ ಎರಡು ವರ್ಷ ದೊಡ್ಡದು. ಹ್ಯಾಂಗರ್ ಬಾಡಿಗೆ ನಮ್ಮ ಕೈಗೆಟುಕುವುದಿಲ್ಲ, ಹಾಗಾಗಿ ಬಯಲಲ್ಲೇ ಕಟ್ಟಿಹಾಕುತ್ತೇವೆ. ಹೌದು, ಥೇಟ್ ದನದ ಹಾಗೇ. ರೆಕ್ಕೆಗೆ ಒಂದೊಂದು ಹಗ್ಗ, ಬಾಲಕ್ಕೊಂದು, ನೆಲದಲ್ಲಿ ಹೂತಿರುವ ಕಬ್ಬಿಣದ ಬಳೆಗಳಿಗೆ.

ನಿಮ್ಮಪ್ಪ ಕೊಟ್ಟಿಗೆಯಲ್ಲಿ ಕಲಿಸಿದ ಕುಣಿಕೆ ನೆನಪಿದೆಯಾ? ಜೀರುಗುಣಿಕೆ ಹಾಕಿದರೆ ಹಸುವಿನ ಕತ್ತು ಬಿಗಿದು ಹೋಗುತ್ತೆ ಕಣ್ರಲೇ ಅಂತ ಬೈದು, ಎಷ್ಟು ಎಳೆದರೂ ಬಿಗಿಯದೆ, ನೆನೆದರೂ ಸುಲಭವಾಗಿ ಬಿಚ್ಚುವ ಒಂದು ಗಂಟು ತೋರಿಸಿದ್ದರಲ್ಲ. ಇಲ್ಲಿ ಅದನ್ನೇ ಬೋಲೈನ್ ಅಂತ ಕಲಿಸುತ್ತಾರೆ. ಕ್ಲಾಸಿನಲ್ಲಿ ಮೊದಲು ಹಾಕಿದವನು ನಾನೇ. ಎಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ "ಹಸು" ಅಂದೆ. ಯಾರಿಗೂ ಅರ್ಥವಾಗಲಿಲ್ಲ.

ಕಟ್ಟಲೇಬೇಕು, ಯಾಕೆಂದರೆ ಖಾಲಿ ಇದ್ದಾಗ ಅದು ಎರಡು ಎಚ್ಚೆಫ್ ಹಸುವಿನಷ್ಟೂ ತೂಗುವುದಿಲ್ಲ. ಗಂಟೆಗೆ 90 ಕಿ.ಮೀ. ಗಾಳಿ ಎದುರಿಗೆ ಬೀಸಿದರೆ ತಾನು ನಿಂತಿದ್ದೇನೋ ಓಡುತ್ತಿದ್ದೇನೋ ಅನ್ನುವುದೇ ರೆಕ್ಕೆಗೆ ಗೊತ್ತಾಗಲ್ಲ. ಹಾರೋಕೆ ಹೊರಡುತ್ತದೆ. ರೈಟ್ ಸಹೋದರರಿಗೂ ಇದೇ ಗತಿ. 1903ರ ಡಿಸೆಂಬರ್ 17ರಂದು ನಾಲ್ಕನೇ ಸಲ 59 ಸೆಕೆಂಡ್ ಹಾರಿಸಿ, ಇಳಿಸಿ, ಪಕ್ಕದಲ್ಲಿ ನಿಲ್ಲಿಸಿ ಮಾತಾಡುತ್ತಿದ್ದರಂತೆ. ಗಾಳಿ ಬಂದು ಮಗುಚಿ ಹಾಕಿತು. ಆ ವಿಮಾನ ಮತ್ತೆ ಹಾರಲೇ ಇಲ್ಲ.

ನಮ್ಮದರ ಸರದಿ 2024ರ ಮೇ 28ರ ಬೆಳಗ್ಗೆ ಬಂತು. ಆವತ್ತಿನ ಗಾಳಿ ಗಂಟೆಗೆ 120 ಕಿ.ಮೀ. ದಾಟಿತ್ತು. ದೊಡ್ಡ ಏರ್‌ಪೋರ್ಟಿನಲ್ಲಿ ಗೇಟಿನ ಹತ್ತಿರ ನಿಂತಿದ್ದ 737 ಜೆಟ್ಟನ್ನೇ ಪಕ್ಕಕ್ಕೆ ತಳ್ಳಿಬಿಟ್ಟಿತು, ಆ ವಿಡಿಯೊ ನನಗೆ ಕಳಿಸಿದವನೇ ನೀನು. ಇಲ್ಲಿ ಕೂತ ನನಗೆ ತಿಪಟೂರಿಂದ ಸುದ್ದಿ!

ಮಾರನೇ ದಿನ ಹೋಗಿ ನೋಡಿದೆ. ಪಕ್ಕದವರ ವಿಮಾನ ಹಗ್ಗ ಕಿತ್ತುಕೊಂಡು ಬೇಲಿಗೆ ಮೂಗು ತಿವಿದು ನಿಂತಿತ್ತು. ನಮ್ಮ ಮೂರು ಗಂಟೂ ಹಾಗೇ ಇದ್ದವು. ನಿಮ್ಮಪ್ಪನಿಗೆ ಹೇಳು. ರೆಕ್ಕೆಯ ತುದಿಗೆ ಏನೋ ಬಡಿದು ಒಡೆದಿತ್ತು, ಅದು ಬಿಡು, ಪ್ಲಾಸ್ಟಿಕ್ಕು. ಟ್ಯಾಂಕಿನ ಕೆಳಗಿಂದ ಸ್ವಲ್ಪ ಪೆಟ್ರೋಲ್ ಬಸಿದು ನೋಡಿದೆ. ಮೇಲೆ ತಿಳಿನೀಲಿ, ಈ ವಿಮಾನದ ಪೆಟ್ರೋಲಿನ ಬಣ್ಣವೇ ಅದು; ತಳದಲ್ಲಿ ಗೋಲಿಯಷ್ಟು ಬಣ್ಣವಿಲ್ಲದ ನೀರು, ಅಲ್ಲಾಡಿಸಿದರೆ ಬೇರೆಯಾಗೇ ಉರುಳುತ್ತಿತ್ತು. ಮುಚ್ಚಳದ ಸಂದಿಯಿಂದ ಮಳೆ ಇಳಿದಿತ್ತು. ಎಷ್ಟೋ ಸಲ ಬಸಿದ ಮೇಲೆ ಬರೀ ನೀಲಿ ಬಂತು. ಇಷ್ಟೇನಾ ಅಂದುಕೊಂಡೆ.

ಆಮೇಲೆ ಮೆಕ್ಯಾನಿಕ್ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಟಾರ್ಚನ್ನು ರೆಕ್ಕೆಯ ಮೇಲೆ ಅಡ್ಡಡ್ಡ ಬಿಟ್ಟು ತಗಡಿನ ಸುಕ್ಕು ಹುಡುಕಿದರು, ರಿವೆಟ್ಟುಗಳನ್ನು ಉಗುರಿನಲ್ಲಿ ಕೆರೆದರು. ಕೊನೆಗೆ ಬಾಲದ ಹತ್ತಿರ ಹೋಗಿ ರಡ್ಡರನ್ನು, ಅಂದರೆ ವಿಮಾನದ ಮೂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಬಾಲದ ಕದವನ್ನು, ಎರಡೇ ಬೆರಳಲ್ಲಿ ಹಿಡಿದು ಆಡಿಸಿದರು. ಟಕ್ ಅಂತು. ಕದದ ತಿರುಗಣಿ ಕಿತ್ತರೆ ಬರುತ್ತಲ್ಲ, ಆ ಸದ್ದು. ಗಾಳಿ ಬೀಸಿದಷ್ಟು ಹೊತ್ತೂ ಅದು ಎಡಕ್ಕೂ ಬಲಕ್ಕೂ ಬಡಿದುಕೊಂಡಿದೆ. ತಡೆಯುವ ಸ್ಟಾಪ್ ಬಗ್ಗಿ, ಕೀಲಿನ ಬ್ರಾಕೆಟ್ ಬಿರುಕು ಬಿಟ್ಟಿತ್ತು.

"ಒಳಗೆ ಲಾಕ್ ಹಾಕಿದ್ದಿರಾ?"

ಹಾಕಿದ್ದೆ. ಆದರೆ ಪೈಲಟ್ ಹಿಡಿಯುವ ಸ್ಟೀರಿಂಗಿಗೆ ತೂರಿಸುವ ಆ ಪಿನ್ನು ರೆಕ್ಕೆಯ ಐಲರಾನ್, ಬಾಲದ ಎಲಿವೇಟರ್ ಅನ್ನುವ ಅಲ್ಲಾಡುವ ಕದಗಳನ್ನು ಹಿಡಿಯುತ್ತದೆಯೇ ಹೊರತು ರಡ್ಡರನ್ನಲ್ಲ. ರಡ್ಡರಿಗೆ ಹೊರಗಿಂದ ಬೇರೆ ಹಲಗೆ ಬಿಗಿಯಬೇಕು. ಪ್ಲೈವುಡ್ಡಿನ ಎರಡು ತುಂಡು, ಮಧ್ಯೆ ಸ್ಪಂಜು, ಒಂದು ಬೋಲ್ಟು, ಕೆಂಪು ಬಣ್ಣ. ನಾನೇ ಮಾಡಿದ್ದು.

"ಹಲಗೆ ಎಲ್ಲಿ?"

ನನ್ನ ಕಾರಿನ ಡಿಕ್ಕಿಯಲ್ಲಿತ್ತು ಗುಂಡ.

ಗಾಳಿಯ ಹಿಂದಿನ ದಿನ, ಸೋಮವಾರ ಮಧ್ಯಾಹ್ನ ಹೋಗಿದ್ದೆ, ರಜೆ ಇತ್ತು. ಮೂರು ಹಗ್ಗ ಕಟ್ಟಿದೆ, ಡಿಕ್ಕಿ ತೆಗೆಯಲಿಲ್ಲ. ರಾತ್ರಿ ಹವಾಮಾನದ ಎಚ್ಚರಿಕೆ ಬಂತು. ಮನೆಯಿಂದ ಇಪ್ಪತ್ತೈದು ನಿಮಿಷದ ದಾರಿ. ಫೋನನ್ನು ಬೋರಲು ಹಾಕಿ ಮಲಗಿದೆ. ಮರೆತೆ ಅಂತ ಪಾಲುದಾರರಿಗೆ ಹೇಳಿದ್ದೇನೆ, ಇನ್ಶೂರೆನ್ಸ್‌ನವರಿಗೂ ಹಲಗೆ ಇರಲಿಲ್ಲ ಅಂತಲೇ ಬರೆದುಕೊಟ್ಟಿದ್ದೇನೆ. ಆದರೆ ಆ ಟಕ್ ಸದ್ದು ಕೇಳಿದಾಗ ನನಗೆ ಮೊದಲು ಏನನ್ನಿಸಿತು ಗೊತ್ತಾ? ದುಡ್ಡಿನ ಚಿಂತೆಯಲ್ಲ. ಸ್ಕೂಲಿಗೆ ಮಳೆ ರಜೆ ಅಂದಾಗ ಆಗುತ್ತಿತ್ತಲ್ಲ, ಹಾಗೆ. ಎದೆ ಹಗುರವಾಯಿತು.

ಮಾರ್ಚ್‌ನಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಇಳಿಯುತ್ತಿದ್ದೆ. ಅಡ್ಡಗಾಳಿ. ನೆಲ ಇನ್ನೇನು ಹತ್ತಡಿ ಇದೆ ಅನ್ನುವಾಗ ಎಡರೆಕ್ಕೆ ಎದ್ದಿತು, ರನ್‌ವೇ ಕಿಟಕಿಯ ಆಚೆ ಸರಿದುಹೋಯಿತು. ಮತ್ತೆ ಮೇಲೇರಿಸಿದೆ. "ಅಪ್ಪಾ, ಯಾಕೆ ಮತ್ತೆ ಮೇಲೆ ಹೋಗ್ತಿದ್ದೀವಿ?" ಅಂದಳು. "ಇನ್ನೊಂದು ರೌಂಡು ಪುಟ್ಟಿ" ಅಂದೆ. ಮೂರನೇ ಸಲಕ್ಕೆ ಚಕ್ರ ನೆಲ ಮುಟ್ಟಿತು. ಅವಳಿಗೆ ಮಜಾ ಬಂತಂತೆ. ನಾನು ಇಳಿದು ಹಗ್ಗ ಕಟ್ಟಲು ಕೂತರೆ ಬೆರಳು ನಿಲ್ಲುತ್ತಿಲ್ಲ, ಆ ಕುಣಿಕೆ ನನಗೆ ಮರೆತೇಹೋಗಿತ್ತು.

ಅದಾದಮೇಲೆ ನಾನು ಹಾರಿಲ್ಲ.

ಹೋಗುತ್ತೇನೆ. ರೆಕ್ಕೆ ತಡವುತ್ತೇನೆ, ಆಯಿಲ್ ನೋಡುತ್ತೇನೆ, ಎಂಜಿನ್ ಚಾಲೂ ಮಾಡಿ ರನ್‌ವೇ ಅಂಚಿನವರೆಗೆ ಓಡಿಸಿ ವಾಪಸು ತಂದು ಕಟ್ಟುತ್ತೇನೆ. ಕಪ್ಪು ಕನ್ನಡಕ ಹಾಕಿ ಫೋಟೊ ಹಾಕುತ್ತೇನೆ. ನೀನು "ಪೈಲಟ್ ಸಾಹೇಬ್ರೇ" ಅಂತ ಕಾಮೆಂಟ್ ಹಾಕಿದೆಯಲ್ಲ, ಆ ಫೋಟೊ ಅದೇ ಸೋಮವಾರದ್ದು. ಆ ಹಲಗೆಯನ್ನು ನಿಜವಾಗಿ ಮರೆತೆನೋ, ಮರೆಯೋಣ ಅಂತ ಮರೆತೆನೋ, ಎರಡು ವಾರದಿಂದ ಯೋಚಿಸುತ್ತಿದ್ದೇನೆ. ಇನ್ನಿಬ್ಬರ ದುಡ್ಡೂ ಅದರಲ್ಲಿದೆ ಕಣೋ.

ಅಯ್ಯೋ, ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಹಗ್ಗದ ಕಥೆ ಹೇಳಿ ನಿಮ್ಮಪ್ಪನಿಗೆ ಒಂದು ನಮಸ್ಕಾರ ಹಾಕಿ ಮುಗಿಸೋಣ ಅಂತಿದ್ದೆ. ಪಾಲುದಾರರಲ್ಲಿ ಒಬ್ಬನಿಗೆ ಕನ್ನಡ ಬರಲ್ಲ. ಇನ್ನೊಬ್ಬ ತೆಲುಗಿನವನು, ನಮ್ಮ ಅಕ್ಷರ ಅರ್ಧಂಬರ್ಧ ಓದುತ್ತಾನೆ. ಗಾರೂ, ಇಲ್ಲಿವರೆಗೂ ಬಂದಿದ್ದರೆ ದಯವಿಟ್ಟು ಫೋನ್ ಮಾಡಿ, ಬಿರಿಯಾನಿ ನನ್ನದು.

ಈಗ ರಿಪೇರಿ ನಡೆಯುತ್ತಿದೆ. ರಡ್ಡರನ್ನು ಕಾರಿನ ಬಾಗಿಲಿನ ಹಾಗೆ ತಟ್ಟಿ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವಂತಿಲ್ಲ. ತೂಕದ ಸಮತೋಲ ತಪ್ಪಿದರೆ ಹಾರುವಾಗ ಗಾಳಿಗೆ ಸಿಕ್ಕ ಬಾಳೆಲೆಯಂತೆ ಪಟಪಟ ಹೊಡೆದುಕೊಂಡು ಬಾಲವನ್ನೇ ಕೀಳಬಹುದು. ಬೇರೆ ರಡ್ಡರಿಗಾಗಿ ಹಳೇ ವಿಮಾನ ಬಿಚ್ಚಿ ಮಾರುವವರನ್ನು ಕೇಳಿದ್ದೆವು. ಎರಡು ಮೂರು ತಿಂಗಳಾದರೂ ಬೇಕು ಅಂದಿದ್ದರು. ನಿನ್ನೆ ಮೆಕ್ಯಾನಿಕ್ ಫೋನ್ ಮಾಡಿ, ಸಿಕ್ಕಿಬಿಟ್ಟಿದೆ, ಮೂರು ವಾರದಲ್ಲಿ ಹಾರಿಸಬಹುದು ಅಂದರು. "ಅವಸರ ಏನಿಲ್ಲ, ನಿಧಾನಕ್ಕೆ ಮಾಡಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವಸರವಿಲ್ಲದ ವಿಮಾನದ ಮಾಲೀಕನನ್ನು ಅವರು ನೋಡಿರಲಿಕ್ಕಿಲ್ಲ.

ಕೊಬ್ಬರಿ ರೇಟು ಎಷ್ಟಾಗಿದೆ? ಹೊಸ ಕರುವಿನ ಫೋಟೊ ಕಳಿಸು, ಕಟ್ಟಿರೋ ಗಂಟು ಕಾಣೋ ಹಾಗೆ ತೆಗಿ. ಕನ್ನಡಕದ ಫೋಟೊ ಮಾತ್ರ ನಾನು ಡಿಲೀಟ್ ಮಾಡಲ್ಲ, 214 ಲೈಕ್ ಬಂದಿದೆ.

ನಿನ್ನ,
ಪೈಲಟ್ ಸಾಹೇಬ್ರು